ಎಸೆಯುವ ಕೈಗೆ ಸಂಬಳ ಕೊಟ್ಟವರು ಯಾರು?

2021ರ ಜುಲೈ 27ರ ರಾತ್ರಿ. ಕೊರೊನಾ ಕಾಲವಾದ್ದರಿಂದ ಯೊಕೊಹಾಮ ಕ್ರೀಡಾಂಗಣದ ಸಾವಿರಾರು ಕುರ್ಚಿಗಳು ಖಾಲಿ ಬಿದ್ದಿದ್ದವು. ಒಲಿಂಪಿಕ್ಸ್ ಸಾಫ್ಟ್‌ಬಾಲ್ ಫೈನಲ್‌ನಲ್ಲಿ ಅಮೆರಿಕದ ಎದುರು ಜಪಾನ್ 2–0ಯಿಂದ ಮುಂದಿತ್ತು. ಏಳು ಇನಿಂಗ್ಸ್‌ಗಳ ಆಟದಲ್ಲಿ ಆರನೆಯದು ನಡೆಯುತ್ತಿತ್ತು. 39 ವರ್ಷದ ಯುಕಿಕೊ ಉಯೆನೊ ಬೆಂಚಿಗೆ ಮರಳಿದ್ದರು. ಅವರ ಜಾಗದಲ್ಲಿ ಚೆಂಡು ಹಿಡಿದು ನಿಂತಿದ್ದವರು 20ರ ಮಿಯು ಗೊಟೊ. ಅಮೆರಿಕದ ಬ್ಯಾಟರ್ ಬಾರಿಸಿದ ಚೆಂಡು ಮೂರನೇ ಬೇಸ್ ಕಾಯುತ್ತಿದ್ದ ಯು ಯಾಮಾಮೊಟೊ ಅವರ ಕೈಗೆ ಬಡಿದು ಚಿಮ್ಮಿತು. ಅದು ನೆಲ ಮುಟ್ಟುವುದರೊಳಗೆ ಪಕ್ಕದಲ್ಲಿದ್ದ ಮಾನಾ ಅತ್ಸುಮಿ ಹಿಡಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಎರಡನೇ ಬೇಸ್‌ಗೆ ಎಸೆದರು. ಒಂದೇ ಹೊಡೆತಕ್ಕೆ ಇಬ್ಬರು ಔಟ್. ಅಮೆರಿಕದ ಕೊನೆಯ ದೊಡ್ಡ ಅವಕಾಶ ಅಲ್ಲಿಗೆ ಮುಗಿಯಿತು.

ಆ ಕ್ಷಣದ ವಿಡಿಯೊ ಜಗತ್ತೆಲ್ಲ ಓಡಾಡಿತು. ಅದರಲ್ಲಿ ಕಾಣದ ಸಂಗತಿಯೊಂದಿದೆ. ಅಮೆರಿಕ ತಂಡದ ಎಡಗೈ ಪಿಚರ್ ಮೋನಿಕಾ ಆ್ಯಬಟ್ ಮತ್ತು ಜಪಾನಿನ ಗೊಟೊ ಒಂದೇ ಕ್ಲಬ್‌ನವರು. ಇಬ್ಬರೂ ಆಡುತ್ತಿದ್ದದ್ದು ಐಚಿ ಪ್ರಾಂತ್ಯದ ಟೊಯೊಟಾ ಕಂಪನಿಯ ತಂಡಕ್ಕೆ. ಉಯೆನೊ ಅವರ ತಂಡದ ಒಡೆಯ ಬಿಕ್ ಕ್ಯಾಮೆರಾ, ಅಂದರೆ ಟಿ.ವಿ., ಫ್ರಿಜ್, ಕ್ಯಾಮೆರಾ ಮಾರುವ ಅಂಗಡಿಗಳ ಸಂಸ್ಥೆ. ಎರಡು ದೇಶಗಳ ಫೈನಲ್‌ನಲ್ಲಿ ಚೆಂಡೆಸೆದ ಮುಖ್ಯ ಕೈಗಳಿಗೆ ವರ್ಷಗಟ್ಟಲೆ ಸಂಬಳ ಬಂದದ್ದು ಜಪಾನಿನ ಕಂಪನಿಗಳ ಲೆಕ್ಕದ ಪುಸ್ತಕದಿಂದ.

ಆಟಗಾರ್ತಿಯ ಬದುಕನ್ನು ಬರೆಯುವಾಗ ನಾವು ಪದಕ ಎಣಿಸುತ್ತೇವೆ, ವೇಗ ಅಳೆಯುತ್ತೇವೆ. ಸಾಫ್ಟ್‌ಬಾಲ್ ವಿಷಯದಲ್ಲಿ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಒಲಿಂಪಿಕ್ಸ್ ಬಾಗಿಲು ಮುಚ್ಚಿದ ವರ್ಷಗಳಲ್ಲಿ ಈ ಹೆಣ್ಣುಮಕ್ಕಳ ಮನೆ ಬಾಡಿಗೆ ಕಟ್ಟಿದವರು ಯಾರು? ಈ ಆಟದ ಚರಿತ್ರೆಯೆಲ್ಲ ಆ ಪ್ರಶ್ನೆಯ ಸುತ್ತಲೇ ಸುತ್ತುತ್ತದೆ.

ಮೊದಲು ಆ ಕೈ ಏನು ಮಾಡುತ್ತದೆಂದು ನೋಡೋಣ. ‘ಅಂಡರ್‌ಆರ್ಮ್’ ಎಂದರೆ ಕ್ರಿಕೆಟ್ ಬಲ್ಲ ನಮ್ಮ ಕಿವಿಗೆ ಅವಮಾನದ ಮಾತು. 1981ರಲ್ಲಿ ಮೆಲ್ಬರ್ನ್‌ನಲ್ಲಿ ಟ್ರೆವರ್ ಚಾಪೆಲ್ ನ್ಯೂಜಿಲೆಂಡ್‌ನ ಬ್ಯಾಟ್ಸ್‌ಮನ್‌ಗೆ ಕೊನೆಯ ಚೆಂಡನ್ನು ನೆಲದ ಮೇಲೆ ಉರುಳಿಸಿದ ದೃಶ್ಯವೇ ಕಣ್ಣಿಗೆ ಕಟ್ಟುತ್ತದೆ. ಸಾಫ್ಟ್‌ಬಾಲ್‌ನಲ್ಲಿ ಅದೇ ಕೆಳಗೈ ಎಸೆತ ಭಯ ಹುಟ್ಟಿಸುತ್ತದೆ. ತೋಳು ಗಾಳಿಗಿರಣಿಯ ರೆಕ್ಕೆಯಂತೆ ಭುಜದ ಸುತ್ತ ಪೂರ್ತಿ ಒಂದು ಸುತ್ತು ತಿರುಗುತ್ತದೆ. ಅಷ್ಟರಲ್ಲಿ ಪಿಚರ್ ನೆಲವನ್ನು ಒದ್ದು ಮುಂದಕ್ಕೆ ಚಿಮ್ಮಿರುತ್ತಾಳೆ. ಮುಂಗೈ ಸೊಂಟದ ಪಕ್ಕಕ್ಕೆ ಬಂದಾಗ ಮಣಿಕಟ್ಟಿನ ಕೊನೆಯ ಸೆಳೆತದೊಂದಿಗೆ ಚೆಂಡು ಹೊರಡುತ್ತದೆ. ಪಿಚರ್‌ನ ಗೆರೆಯಿಂದ ಬ್ಯಾಟರ್ ನಿಂತ ತಟ್ಟೆಗೆ 43 ಅಡಿ, ಅಂದರೆ 13 ಮೀಟರ್ ಚಿಲ್ಲರೆ. ಮುಂದಕ್ಕೆ ಚಿಮ್ಮಿದ ದೂರವನ್ನು ಕಳೆದರೆ ಚೆಂಡು ಹಾರುವುದು ಹನ್ನೊಂದೋ ಹನ್ನೆರಡೋ ಮೀಟರ್. ಗಂಟೆಗೆ 110 ಕಿ.ಮೀ. ವೇಗದ ಎಸೆತ ಆ ದೂರವನ್ನು 0.4 ಸೆಕೆಂಡಿನ ಒಳಗೆ ಮುಗಿಸುತ್ತದೆ. ಕ್ರಿಕೆಟ್‌ನಲ್ಲಿ 150 ಕಿ.ಮೀ. ವೇಗದ ಬೌಲರ್ ಎದುರು ನಿಂತ ಬ್ಯಾಟ್ಸ್‌ಮನ್‌ಗೂ ಇದಕ್ಕಿಂತ ಒಂದಿಷ್ಟು ಹೆಚ್ಚು ಹೊತ್ತು ಸಿಗುತ್ತದೆ. ಆ್ಯಬಟ್ 2012ರಲ್ಲಿ ಗಂಟೆಗೆ 77 ಮೈಲಿ, ಅಂದರೆ ಸುಮಾರು 124 ಕಿ.ಮೀ. ವೇಗದಲ್ಲಿ ಎಸೆದು ಗಿನ್ನೆಸ್ ದಾಖಲೆ ಬರೆದರು.

ಹೆಸರಿನಲ್ಲಿ ‘ಸಾಫ್ಟ್’ ಇದ್ದರೂ ಚೆಂಡು ಮೆತ್ತಗಿಲ್ಲ. ಸುತ್ತಳತೆ 12 ಅಂಗುಲ. ಕ್ರಿಕೆಟ್ ಚೆಂಡಿಗಿಂತ ದಪ್ಪ, ತೂಕವೂ ಹೆಚ್ಚು. 1887ರಲ್ಲಿ ಶಿಕಾಗೋದ ಒಂದು ದೋಣಿ ಕ್ಲಬ್‌ನ ಒಳಾಂಗಣದಲ್ಲಿ ಬಾಕ್ಸಿಂಗ್ ಕೈಗವಸನ್ನು ಉಂಡೆ ಕಟ್ಟಿ, ಪೊರಕೆ ಹಿಡಿಯಿಂದ ಹೊಡೆದು ಶುರುವಾದ ಆಟ ಇದು. ಅಂದಿನ ಮೆತ್ತನೆಯ ಗುರುತು ಹೆಸರಿನಲ್ಲಿ ಮಾತ್ರ ಉಳಿದಿದೆ.

ಪಿಚರ್‌ಗಳ ಮಾತಿನಲ್ಲಿ ‘ರೈಸ್‌ಬಾಲ್’ಗೆ ವಿಶೇಷ ಸ್ಥಾನ. ಕೆಳಗಿನಿಂದ ಹೊರಟ ಚೆಂಡು ಬ್ಯಾಟಿನ ಹತ್ತಿರ ಬರುತ್ತಲೇ ಜಿಗಿದಂತೆ ತೋರುತ್ತದೆ. ಹಿಮ್ಮುಖವಾಗಿ ತಿರುಗುತ್ತ ಬರುವ ಚೆಂಡು ಗುರುತ್ವಕ್ಕೆ ಕೊಡಬೇಕಾದಷ್ಟು ಇಳಿತವನ್ನು ಕೊಡುವುದಿಲ್ಲ. ಕಡಿಮೆ ಇಳಿದದ್ದನ್ನೇ ಬ್ಯಾಟರ್‌ನ ಕಣ್ಣು ಏರಿಕೆ ಎಂದುಕೊಳ್ಳುತ್ತದೆ. ಅದರ ಬೆನ್ನಿಗೇ ಅದೇ ತೋಳಿನ ಸುತ್ತಿನಿಂದ ನಿಧಾನದ ಚೇಂಜ್‌ಅಪ್ ಬಂದರೆ ಎಂಥ ಆಟಗಾರ್ತಿಯೂ ಚೆಂಡಿಗಿಂತ ಮೊದಲೇ ಬ್ಯಾಟು ಬೀಸಿ ನಿಲ್ಲುತ್ತಾಳೆ. ಕೆಳಗೈ ಎಸೆತ ದೇಹಕ್ಕೆ ಸಹಜ, ಎಷ್ಟು ಎಸೆದರೂ ದಣಿವಿಲ್ಲ ಎಂಬ ನಂಬಿಕೆ ಬಹುಕಾಲ ಇತ್ತು. ಆ ನಂಬಿಕೆಯ ಮೇಲೆ ಒಬ್ಬಳೇ ಪಿಚರ್‌ನಿಂದ ದಿನಕ್ಕೆರಡು ಪಂದ್ಯ ಎಸೆಸಿದ್ದೂ ಉಂಟು. ಭುಜ ಮತ್ತು ತೋಳಿನ ಸ್ನಾಯುವಿನ ಮೇಲೆ ಬೀಳುವ ಎಳೆತ ಬೇಸ್‌ಬಾಲ್ ಪಿಚರ್‌ಗಿಂತ ಬಹಳ ಕಡಿಮೆಯೇನೂ ಇಲ್ಲ ಎಂಬುದು ಅರಿವಿಗೆ ಬಂದದ್ದು ತಡವಾಗಿ.

ಉಯೆನೊ 1982ರಲ್ಲಿ ಫುಕುವೊಕಾದಲ್ಲಿ ಹುಟ್ಟಿದವರು. 2001ರಲ್ಲಿ, ಹೈಸ್ಕೂಲು ಮುಗಿಯುತ್ತಲೇ, ಗುಮ್ಮಾ ಪ್ರಾಂತ್ಯದ ತಕಾಸಾಕಿಗೆ ಬಂದು ಹಿಟಾಚಿ ಕಂಪನಿಯ ತಂಡ ಸೇರಿದರು. ಕೆಂಪು ಬಣ್ಣದ, ಬೀಳಿಸಿದರೂ ಎದ್ದು ಕೂರುವ ದರುಮಾ ಬೊಂಬೆಗಳ ಊರು ಅದು. ಜಪಾನಿನಲ್ಲಿ ಇಂಥ ಕಂಪನಿ ತಂಡಗಳ ಪದ್ಧತಿಗೆ ‘ಜಿತ್ಸುಗ್ಯೋದಾನ್’ ಎನ್ನುತ್ತಾರೆ. ಆಟಗಾರ್ತಿ ಕಂಪನಿಯ ಉದ್ಯೋಗಿ. ಬೆಳಿಗ್ಗೆ ಕಚೇರಿ, ಮಧ್ಯಾಹ್ನದ ಮೇಲೆ ಮೈದಾನ, ತಿಂಗಳ ಕೊನೆಗೆ ಸಂಬಳ. ಆಟ ಮುಗಿದ ಮೇಲೂ ಕೆಲಸ ಉಳಿಯುವ ಭರವಸೆ ಬಹುಪಾಲು ಇರುತ್ತದೆ. ಬೆಂಗಳೂರಿನ ಹಳಬರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಚ್‌ಎಎಲ್, ಐಟಿಐ ಫುಟ್‌ಬಾಲ್ ತಂಡಗಳನ್ನೂ, ಬ್ಯಾಂಕು ಮತ್ತು ರೈಲ್ವೆಗಳ ಕ್ರೀಡಾ ಕೋಟಾವನ್ನೂ ಕಂಡವರು ನಾವು. ಒಳ್ಳೆಯ ಫಾರ್ವರ್ಡ್ ಆಟಗಾರನಿಗೆ ಕಾರ್ಖಾನೆಯ ಗೇಟ್‌ಪಾಸ್ ಸಿಕ್ಕರೆ ಒಂದು ಕುಟುಂಬ ನೆಲೆ ಕಂಡಿತು ಎಂದೇ ಅರ್ಥವಿತ್ತು.

ತಕಾಸಾಕಿಯಲ್ಲಿ ಉಯೆನೊಗೆ ಸಿಕ್ಕ ಹಿರಿಯರಲ್ಲಿ ಒಬ್ಬರು ರೇಕಾ ಉತ್ಸುಗಿ. ಅವರ ಕಥೆಯನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸು ಬಾರದು. ಅವರು ಹುಟ್ಟಿದ್ದು ಚೀನಾದಲ್ಲಿ, ಮೊದಲ ಹೆಸರು ರೆನ್ ಯಾನ್‌ಲಿ. ಚೀನಾ ತಂಡಕ್ಕೆ ಆಡಿದ ಮೇಲೆ ಜಪಾನಿಗೆ ಬಂದು, ತಕಾಸಾಕಿಯ ಕಂಪನಿ ತಂಡ ಸೇರಿ, ಗುರು ತಾಯೆಕೊ ಉತ್ಸುಗಿ ಅವರ ಮನೆತನದ ಹೆಸರನ್ನೇ ತಮ್ಮದಾಗಿಸಿಕೊಂಡು ಜಪಾನಿ ಪ್ರಜೆಯಾದರು. 1996ರ ಅಟ್ಲಾಂಟಾದಲ್ಲಿ ಸಾಫ್ಟ್‌ಬಾಲ್ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಬಂದಾಗ ಚೀನಾ ಒಪ್ಪಿಗೆ ಕೊಡದ ಕಾರಣ ಆಡಲಾಗಲಿಲ್ಲ. 2000ದ ಸಿಡ್ನಿ ಫೈನಲ್‌ನಲ್ಲಿ ಅಮೆರಿಕದ ಎದುರು ಹೋಂ ರನ್ ಬಾರಿಸಿದರು, ಆದರೂ ಜಪಾನ್ 2–1ರಿಂದ ಸೋತಿತು. ದೇಶ ಬದಲಾಯಿತು, ಹೆಸರು ಬದಲಾಯಿತು. ಬದಲಾಗದೆ ಕೈಹಿಡಿದದ್ದು ತಕಾಸಾಕಿಯ ಆ ತಂಡ. 2021ರಲ್ಲಿ ಜಪಾನ್ ತಂಡಕ್ಕೆ ಚಿನ್ನ ತಂದುಕೊಟ್ಟ ತರಬೇತುದಾರ್ತಿ ಇವರೇ.

2004ರ ಅಥೆನ್ಸ್‌ನಲ್ಲಿ ಚೀನಾ ವಿರುದ್ಧ ಉಯೆನೊ ಎಸೆದದ್ದು ‘ಪರಿಪೂರ್ಣ ಪಂದ್ಯ’. ಏಳು ಇನಿಂಗ್ಸ್‌ಗಳಲ್ಲಿ ಬಂದ 21 ಬ್ಯಾಟರ್‌ಗಳಲ್ಲಿ ಒಬ್ಬಳಿಗೂ ಮೊದಲ ಬೇಸ್ ಮುಟ್ಟಲಾಗಲಿಲ್ಲ. ಒಲಿಂಪಿಕ್ಸ್‌ನಲ್ಲಿ ಹಾಗೆ ಆದದ್ದು ಅದೇ ಮೊದಲು. ಆದರೆ ಆ ವರ್ಷದ ಚಿನ್ನ ಅಮೆರಿಕದ್ದು. ಕೂಟದಲ್ಲಿ ಅವರು ಗಳಿಸಿದ ರನ್ 51, ಬಿಟ್ಟುಕೊಟ್ಟದ್ದು ಒಂದೇ ಒಂದು. ಜಪಾನಿಗೆ ಕಂಚು ಸಿಕ್ಕಿತು.

ಮರುವರ್ಷ, 2005ರ ಜುಲೈನಲ್ಲಿ, ಸಿಂಗಪುರದಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2012ರ ಕೂಟಕ್ಕೆ ಆಟಗಳನ್ನು ಮತಕ್ಕೆ ಹಾಕಿತು. ಸಾಫ್ಟ್‌ಬಾಲ್ ಪರ 52, ವಿರುದ್ಧ 52, ಒಬ್ಬರು ತಟಸ್ಥ. ಉಳಿಯಲು ಬಹುಮತ ಬೇಕಿತ್ತು. ಒಂದೇ ಒಂದು ಮತ ಕಡಿಮೆಯಾಗಿ ಆಟ ಹೊರಬಿತ್ತು. ಅಮೆರಿಕದ ಏಕಚಕ್ರಾಧಿಪತ್ಯವೇ ಮುಳುವಾಯಿತು ಎಂದವರಿದ್ದರು. ಬೇಸ್‌ಬಾಲ್‌ನ ಜೊತೆ ತಮ್ಮನ್ನೂ ಸೇರಿಸಿ ನೋಡಿದ್ದರ ಫಲ ಎಂದು ನೊಂದವರೂ ಇದ್ದರು. ಕಾರಣ ಯಾವುದೇ ಇರಲಿ, 2008ರ ಬೀಜಿಂಗ್ ಕೊನೆಯದು ಎಂದು ತಿಳಿದೇ ಎಲ್ಲರೂ ಅಲ್ಲಿಗೆ ಬಂದರು.

ಬೀಜಿಂಗ್‌ನ ಆ ಎರಡು ದಿನಗಳನ್ನು ಜಪಾನಿನಲ್ಲಿ ಇಂದಿಗೂ ‘ಉಯೆನೊ ಅವರ 413 ಎಸೆತ’ ಎಂದೇ ನೆನೆಯುತ್ತಾರೆ. ಆಗಿನ ಪದ್ಧತಿಯಲ್ಲಿ ಮೊದಲೆರಡು ಸ್ಥಾನದ ತಂಡಗಳು ಪರಸ್ಪರ ಆಡಿ, ಸೋತವರಿಗೆ ಇನ್ನೊಂದು ಅವಕಾಶ ಸಿಗುತ್ತಿತ್ತು. ಆಗಸ್ಟ್ 20ರಂದು ಅಮೆರಿಕದ ಎದುರು ಒಂಬತ್ತು ಇನಿಂಗ್ಸ್, 147 ಎಸೆತ. ಜಪಾನ್ 4–1ರಿಂದ ಸೋತಿತು. ಅದೇ ದಿನ ಆಸ್ಟ್ರೇಲಿಯಾ ಎದುರು ಮತ್ತೆ ಅವರೇ. ಗೆಲುವಿಗೆ ಇನ್ನೊಂದೇ ಔಟ್ ಬಾಕಿ ಇದ್ದಾಗ ಕೆರಿ ವೈಬಾರ್ನ್ ಹೋಂ ರನ್ ಹೊಡೆದು ಪಂದ್ಯ ಸಮ ಮಾಡಿದರು. ಆಟ ಹನ್ನೆರಡನೇ ಇನಿಂಗ್ಸ್‌ವರೆಗೆ ಎಳೆಯಿತು. ಇನ್ನೂ 171 ಎಸೆತಗಳಾದ ಮೇಲೆ ಜಪಾನ್ 4–3ರಿಂದ ಗೆದ್ದಿತು. ಒಂದೇ ದಿನಕ್ಕೆ 318. ಎಸೆಯುವ ಬೆರಳಿನ ಚರ್ಮ ಕಿತ್ತಿತ್ತು. ಮರುದಿನದ ಫೈನಲ್‌ಗೂ ಚೆಂಡು ಅವರ ಕೈಗೇ ಬಂತು. 95 ಎಸೆತಗಳಲ್ಲಿ ಅಮೆರಿಕವನ್ನು 3–1ರಿಂದ ಮಣಿಸಿದರು. ಒಲಿಂಪಿಕ್ಸ್‌ನಲ್ಲಿ ಅಮೆರಿಕ ಸತತವಾಗಿ ಗೆದ್ದು ಬಂದಿದ್ದ 22 ಪಂದ್ಯಗಳ ಸರಣಿ ಅಲ್ಲಿ ತುಂಡಾಯಿತು.

ಇಂದು ಯಾವ ತಂಡವಾದರೂ ಒಬ್ಬ ಪಿಚರ್‌ನ ಭುಜದ ಮೇಲೆ ಹೀಗೆ ಭಾರ ಹೊರಿಸಿದರೆ ನಾನು ಬೇಡವೆನ್ನುತ್ತೇನೆ. ಆದರೂ ಆ 95ನೇ ಎಸೆತದ ನಂತರ ಅವರು ಗಾಳಿಯಲ್ಲಿ ಎತ್ತಿದ ಬೆರಳನ್ನು ನೋಡುವಾಗ ಗಂಟಲು ಕಟ್ಟುತ್ತದೆ.

ಆಗ ಅವರಿಗೆ 26 ವರ್ಷ, ಪಿಚರ್‌ಗೆ ಬಲ ತುಂಬಿದ ವಯಸ್ಸು. ಆದರೆ ಮುಂದೆ ಲಂಡನ್ ಇಲ್ಲ, ರಿಯೊ ಇಲ್ಲ. ಮುಂದಿನ ಒಲಿಂಪಿಕ್ಸ್‌ನಲ್ಲಿ ಅವರು ಚೆಂಡು ಹಿಡಿದದ್ದು ಹದಿಮೂರು ವರ್ಷಗಳ ನಂತರ. ಅಷ್ಟು ದೀರ್ಘ ಅಂತರವನ್ನು ಛಲವೊಂದೇ ದಾಟಿಸಿತು ಎಂದರೆ ಕೇಳಲು ಚೆನ್ನ, ಆದರೆ ಪೂರ್ತಿ ನಿಜವಾಗದು. ಪ್ರತಿವರ್ಷ ಲೀಗ್ ನಡೆಯಿತು, ಪ್ರತಿ ವಾರ ಅಭ್ಯಾಸವಿತ್ತು, ಪ್ರತಿ ತಿಂಗಳು ಸಂಬಳ ಬಂತು. 2012 ಮತ್ತು 2014ರ ವಿಶ್ವ ಚಾಂಪಿಯನ್‌ಷಿಪ್‌ಗಳನ್ನು ಜಪಾನ್ ಗೆದ್ದದ್ದು ಈ ದಿನಚರಿಯ ಬಲದಿಂದ.

ಅದೂ ಭದ್ರವೇನಲ್ಲ. ಹಿಟಾಚಿಯ ಚಿಪ್ ವಿಭಾಗ ರೆನೆಸಾಸ್ ಆಯಿತು, ತಂಡವೂ ಅದರ ಹಿಂದೆ ಹೋಯಿತು. ರೆನೆಸಾಸ್ ನಷ್ಟದಲ್ಲಿ ಮುಳುಗಿದಾಗ ತಂಡದ ಖರ್ಚು ಭಾರವಾಯಿತು. 2015ರ ಹೊತ್ತಿಗೆ ಬಿಕ್ ಕ್ಯಾಮೆರಾ ಇಡೀ ತಂಡವನ್ನು ತನ್ನದಾಗಿಸಿಕೊಂಡಿತು. ಬಿಕ್ ಕ್ಯಾಮೆರಾ ಹುಟ್ಟಿದ್ದೇ ತಕಾಸಾಕಿಯಲ್ಲಿ, ಫೋಟೊ ತೊಳೆದುಕೊಡುವ ಅಂಗಡಿಯಾಗಿ. ಊರಿನ ನಂಟು ಕೈಹಿಡಿಯಿತು. ಆ ವರ್ಷ ಯಾರೂ ಮುಂದೆ ಬಾರದಿದ್ದರೆ ಒಲಿಂಪಿಕ್ ಚಾಂಪಿಯನ್ ಒಬ್ಬರು 32ನೇ ವಯಸ್ಸಿನಲ್ಲಿ ಹೊಸ ತಂಡ ಹುಡುಕಿಕೊಂಡು ಹೊರಡಬೇಕಿತ್ತು. 2019ರ ಏಪ್ರಿಲ್‌ನಲ್ಲಿ ಲೀಗ್ ಪಂದ್ಯವೊಂದರಲ್ಲಿ ಬ್ಯಾಟರ್ ಹೊಡೆದ ಚೆಂಡು ನೇರ ಮುಖಕ್ಕೆ ಬಡಿದು ಉಯೆನೊ ಅವರ ದವಡೆ ಮೂಳೆ ಮುರಿಯಿತು. ಹದಿಮೂರು ಮೀಟರ್‌ನ ಲೆಕ್ಕ ಎರಡೂ ಕಡೆಗೆ ಅನ್ವಯಿಸುತ್ತದೆ. ಗುಣವಾಗುವ ತಿಂಗಳುಗಳಲ್ಲಿ ಅವರಿಗೆ ಮರಳಿ ಹೋಗಲು ಒಂದು ಮೈದಾನವಿತ್ತು, ಕಾಯುವ ಒಂದು ತಂಡವಿತ್ತು.

ಈಗ ಪೆಸಿಫಿಕ್ ದಾಟಿ ಅಮೆರಿಕಕ್ಕೆ ಹೋದರೆ ಚಿತ್ರ ತಲೆಕೆಳಗು. ಆಟ ಹುಟ್ಟಿದ ದೇಶ, ಆಟ ತುಂಬಿ ತುಳುಕುವ ಕಾಲೇಜುಗಳು, ಆದರೆ ದುಡಿಮೆಯಾಗಿ ಆಡಲು ಜಾಗವಿಲ್ಲ.

ಅಲ್ಲಿಯೂ ಒಂದು ಕಾಲಕ್ಕೆ ಕಾರ್ಖಾನೆ ತಂಡಗಳಿದ್ದವು. ಕನೆಕ್ಟಿಕಟ್‌ನಲ್ಲಿ ವಾಹನಗಳ ಬ್ರೇಕ್ ಪಟ್ಟಿ ತಯಾರಿಸುವ ರೇಬೆಸ್ಟೋಸ್ ಕಂಪನಿ ‘ಬ್ರೇಕೆಟ್ಸ್’ ಎಂಬ ಹೆಣ್ಣುಮಕ್ಕಳ ತಂಡ ಕಟ್ಟಿತ್ತು. ಅದರ ಪಿಚರ್ ಜೋನ್ ಜಾಯ್ಸ್. 1961ರಲ್ಲಿ ವಾಟರ್‌ಬರಿ ಊರಿನ ಪ್ರದರ್ಶನ ಪಂದ್ಯಕ್ಕೆ ಬೇಸ್‌ಬಾಲ್‌ನ ಮಹಾನ್ ಬ್ಯಾಟರ್ ಟೆಡ್ ವಿಲಿಯಮ್ಸ್ ಬಂದರು. ಇಪ್ಪತ್ತರ ಹುಡುಗಿಯ ಎದುರು ಸಾವಿರಾರು ಜನರ ಮುಂದೆ ಒಂದೆರಡು ಬಾರಿ ಚೆಂಡನ್ನು ಸವರಿದ್ದು ಬಿಟ್ಟರೆ ಏನೂ ಮಾಡಲಾಗದೆ ಬ್ಯಾಟು ಎಸೆದು ನಡೆದರು. ಇಂಥ ಕೈ ಇದ್ದರೂ ಆಟದಿಂದ ಬದುಕು ನಡೆಯಲಿಲ್ಲ. 1976ರಲ್ಲಿ ಟೆನಿಸ್ ತಾರೆ ಬಿಲ್ಲಿ ಜೀನ್ ಕಿಂಗ್ ಜೊತೆ ಸೇರಿ ಜಾಯ್ಸ್ ಮಹಿಳೆಯರ ವೃತ್ತಿಪರ ಲೀಗ್ ಕಟ್ಟಿದರು. ನಾಲ್ಕು ವರ್ಷ ನಡೆಯಿತು, ನಾಲ್ಕೂ ವರ್ಷ ಅವರ ಕನೆಕ್ಟಿಕಟ್ ಫಾಲ್ಕನ್ಸ್ ಗೆದ್ದಿತು, ಹಣ ಮುಗಿದು ಲೀಗ್ ಮುಚ್ಚಿತು. ಜಾಯ್ಸ್ ವೃತ್ತಿಪರ ಗಾಲ್ಫ್ ಆಡಿದರು, ಆಮೇಲೆ ಫ್ಲೋರಿಡಾ ಅಟ್ಲಾಂಟಿಕ್ ವಿಶ್ವವಿದ್ಯಾಲಯದಲ್ಲಿ ತರಬೇತುದಾರ್ತಿಯಾದರು. 2022ರಲ್ಲಿ 81ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಆ ಹುದ್ದೆಯಲ್ಲೇ ಇದ್ದರು.

ಅವರ ನಂತರದ ತಲೆಮಾರಿನವರು ಮೋನಿಕಾ ಆ್ಯಬಟ್. ಕ್ಯಾಲಿಫೋರ್ನಿಯಾದ ಹುಡುಗಿ, ಆರಡಿ ಮೂರಂಗುಲ ಎತ್ತರ. ಟೆನೆಸ್ಸಿ ವಿಶ್ವವಿದ್ಯಾಲಯಕ್ಕೆ ನಾಲ್ಕು ವರ್ಷ ಆಡಿ 189 ಪಂದ್ಯ ಗೆದ್ದುಕೊಟ್ಟರು, 2,440 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದರು. ಕಾಲೇಜು ಮೈದಾನದಲ್ಲಿ ಟಿ.ವಿ. ಕ್ಯಾಮೆರಾ, ಬ್ಯಾಂಡು, ಕಿಕ್ಕಿರಿದ ಗ್ಯಾಲರಿ ಎಲ್ಲವೂ ಇತ್ತು. ಪದವಿ ಮುಗಿದ ದಿನ ಅದೆಲ್ಲ ಹಿಂದೆ ಉಳಿಯಿತು. 2004ರಲ್ಲಿ ಶುರುವಾಗಿದ್ದ ‘ನ್ಯಾಷನಲ್ ಪ್ರೊ ಫಾಸ್ಟ್‌ಪಿಚ್’ ಎಂಬ ಲೀಗ್‌ನಲ್ಲಿ ಹೆಚ್ಚಿನ ಆಟಗಾರ್ತಿಯರಿಗೆ ಒಂದು ಋತುವಿಗೆ ಸಿಗುತ್ತಿದ್ದದ್ದು ಕೆಲವೇ ಸಾವಿರ ಡಾಲರ್. ಬೇಸಿಗೆಯಲ್ಲಿ ಆಡಿ, ಉಳಿದ ತಿಂಗಳು ಮಕ್ಕಳಿಗೆ ಪಿಚಿಂಗ್ ಪಾಠ ಹೇಳಿ ಸಂಸಾರ ತೂಗಿಸುವುದು ಸಾಮಾನ್ಯವಾಗಿತ್ತು.

ಆ್ಯಬಟ್ 2009ರಲ್ಲಿ ಟೊಯೊಟಾಕ್ಕೆ ಹೊರಟರು. ಅಮೆರಿಕದ ಆಟಗಾರ್ತಿಯರಿಗೆ ಆ ದಾರಿ ಹೊಸದೇನಲ್ಲ. ಎರಡು ಒಲಿಂಪಿಕ್ ಚಿನ್ನ ಗೆದ್ದ ಮಿಷೆಲ್ ಸ್ಮಿತ್ 1990ರ ದಶಕದಿಂದಲೇ ಜಪಾನಿನ ಕಂಪನಿ ತಂಡದಲ್ಲಿ ಆಡಿದ್ದರು. ಆ್ಯಬಟ್ ಅಲ್ಲಿ ವರ್ಷದ ನಂತರ ವರ್ಷ ಉಳಿದರು. ಆ ಲೀಗ್‌ನಲ್ಲಿ ಉಯೆನೊ ಮತ್ತು ಆ್ಯಬಟ್ ಎದುರುಬದುರಾಗುವ ಪಂದ್ಯಕ್ಕೆ ಜನ ಕಾಯುತ್ತಿದ್ದರು. ಹಾಗಾಗಿ ಒಲಿಂಪಿಕ್ಸ್ ಇಲ್ಲದ ಆ ಕಾಲದಲ್ಲಿ ಇಬ್ಬರು ಶ್ರೇಷ್ಠ ಪಿಚರ್‌ಗಳು ಒಬ್ಬರನ್ನೊಬ್ಬರು ಹರಿತಗೊಳಿಸಿಕೊಂಡದ್ದು ಜಪಾನಿನ ಕಂಪನಿ ಮೈದಾನಗಳಲ್ಲಿ.

2016ರಲ್ಲಿ ಟೆಕ್ಸಸ್‌ನ ಸ್ಕ್ರ್ಯಾಪ್ ಯಾರ್ಡ್ ಡಾಗ್ಸ್ ತಂಡ ಆ್ಯಬಟ್ ಜೊತೆ ಆರು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಮೊತ್ತ ಹತ್ತು ಲಕ್ಷ ಡಾಲರ್. ಸಾಫ್ಟ್‌ಬಾಲ್‌ನ ಮೊದಲ ಮಿಲಿಯನ್ ಎಂದು ಪತ್ರಿಕೆಗಳು ಸಂಭ್ರಮಿಸಿದವು. ಒಳಗಿನ ಲೆಕ್ಕ ಬೇರೆ ಇತ್ತು. ಇಡೀ ತಂಡದ ವಾರ್ಷಿಕ ಸಂಬಳ 1,50,000 ಡಾಲರ್ ಮೀರಬಾರದೆಂದು ಲೀಗ್ ಮಿತಿ ಹಾಕಿತ್ತು. ಆದ್ದರಿಂದ ಆ್ಯಬಟ್‌ಗೆ ನಿಶ್ಚಿತ ಸಂಬಳ ವರ್ಷಕ್ಕೆ 20,000 ಡಾಲರ್ ಮಾತ್ರ. ಉಳಿದದ್ದು ಪಂದ್ಯ ನೋಡಲು ಬರುವ ಜನರ ಸಂಖ್ಯೆಗೆ ಕಟ್ಟಿದ ಬೋನಸ್. ಎರಡು ವರ್ಷ ಕಳೆಯುವುದರೊಳಗೆ ತಂಡ ಲೀಗ್‌ನಿಂದ ಹೊರಬಂತು. 2021ರಲ್ಲಿ ಲೀಗೇ ನಿಂತಿತು. ಆ್ಯಬಟ್‌ರ ವೃತ್ತಿಯನ್ನು ವರ್ಷವಿಡೀ ಹೊತ್ತು ನಡೆಸಿದ್ದು ಕೊನೆಗೂ ಟೊಯೊಟಾ.

ಟೊಯೊಟಾ ತಂಡಕ್ಕೆ ಹೈಸ್ಕೂಲು ಮುಗಿಸಿ ಬಂದ ಎಡಗೈ ಹುಡುಗಿ ಗೊಟೊ. ಎದುರಿಗೆ ಜಗತ್ತಿನ ಅತಿ ವೇಗದ ಎಡಗೈ. ದಿನದ ಅಭ್ಯಾಸದಲ್ಲಿ ಪಕ್ಕದಲ್ಲೇ ಎಸೆಯುವವರಿಂದ ಕಲಿಯುವುದು ಪುಸ್ತಕದಿಂದಲೋ ಶಿಬಿರದಿಂದಲೋ ಕಲಿತಂತೆ ಅಲ್ಲ. ತೋಳಿನ ಲಯ, ಸೋತ ದಿನದ ಮೌನ, ಮರುದಿನ ಮತ್ತೆ ಮೈದಾನಕ್ಕೆ ಬರುವ ರೀತಿ, ಎಲ್ಲವೂ ಕಣ್ಣಿಂದಲೇ ದಾಟುತ್ತವೆ. ಯೊಕೊಹಾಮದ ಆ ರಾತ್ರಿ ಗೊಟೊ ಆರನೇ ಇನಿಂಗ್ಸ್ ಕಾಯ್ದುಕೊಟ್ಟರು. ಏಳನೆಯದಕ್ಕೆ ಉಯೆನೊ ಮತ್ತೆ ಬಂದರು. ಆಟ ಆರಂಭಿಸಿದವರು ಒಮ್ಮೆ ಹೊರಹೋಗಿ ಮರಳಲು ಸಾಫ್ಟ್‌ಬಾಲ್‌ನ ನಿಯಮ ಒಪ್ಪುತ್ತದೆ. ಕೊನೆಯ ಚೆಂಡು ಬ್ಯಾಟಿಗೆ ತಾಗಿ ಮೇಲಕ್ಕೆ ಚಿಮ್ಮಿ ಕ್ಯಾಚರ್ ಹರುಕಾ ಅಗಾತ್ಸುಮಾ ಅವರ ಕೈಸೇರಿತು. ಖಾಲಿ ಗ್ಯಾಲರಿಯಲ್ಲಿ ಆಟಗಾರ್ತಿಯರ ಕೂಗು ಮಾತ್ರ ಕೇಳಿಸಿತು. ಮರುದಿನ ಆ್ಯಬಟ್‌ಗೆ 36 ತುಂಬಿತು.

ಆ ಮೇಲಿನ ವರ್ಷಗಳಲ್ಲಿ ಎರಡೂ ಕಡೆ ಬದಲಾವಣೆ ಕಾಣುತ್ತಿದೆ. ಜಪಾನ್ 2022ರಲ್ಲಿ 16 ತಂಡಗಳ ‘ಜೆಡಿ ಲೀಗ್’ ಶುರುಮಾಡಿತು, ಕಂಪನಿ ತಂಡಗಳನ್ನು ಊರಿನ ಅಭಿಮಾನಿಗಳ ಹತ್ತಿರ ತರುವ ಪ್ರಯತ್ನವಾಗಿ. ಉಯೆನೊಗೆ ಆ ವರ್ಷ ನಲವತ್ತಾಯಿತು, ಕೈಯಲ್ಲಿ ಚೆಂಡು ಇನ್ನೂ ಇತ್ತು. ಅಮೆರಿಕದಲ್ಲಿ 2024ರ ಬೇಸಿಗೆಯಲ್ಲಿ ಪಿಚರ್ ನಿಜಾರಿ ಕ್ಯಾನಡಿ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯಕ್ಕೆ ಹೋದಾಗ, ಅವರ ಹೆಸರು ಮತ್ತು ಚಿತ್ರದ ಬಳಕೆಗೆ ಸಿಕ್ಕ ಒಂದು ವರ್ಷದ ಒಪ್ಪಂದ ಹತ್ತು ಲಕ್ಷ ಡಾಲರ್ ದಾಟಿತು. ಆ್ಯಬಟ್‌ಗೆ ಆರು ವರ್ಷಕ್ಕೆ, ಅದೂ ಷರತ್ತಿನ ಮೇಲೆ ಹೇಳಿದ್ದ ಮೊತ್ತವನ್ನು ಕಾಲೇಜು ವಿದ್ಯಾರ್ಥಿನಿಯೊಬ್ಬಳು ಒಂದೇ ವರ್ಷದಲ್ಲಿ ಪಡೆದಳು. ನನಗೆ ಇದರಿಂದ ಸಂತೋಷವೇ. ಆದರೆ ಹಣ ಈಗಲೂ ಕಾಲೇಜಿನ ಗೇಟಿನ ಒಳಗೇ ಹರಿಯುತ್ತಿದೆ. ಇಪ್ಪತ್ತೆರಡರ ನಂತರದ ಬದುಕಿಗಾಗಿ 2025ರ ಜೂನ್‌ನಲ್ಲಿ ನಾಲ್ಕು ತಂಡಗಳ ಹೊಸ ಲೀಗ್ ಹುಟ್ಟಿದೆ. ಈ ಬಾರಿ ಬೇಸ್‌ಬಾಲ್‌ನ ದೊಡ್ಡ ಸಂಸ್ಥೆ ಮೇಜರ್ ಲೀಗ್ ಬೇಸ್‌ಬಾಲ್ ಬಂಡವಾಳ ಹಾಕಿದೆ. 1976ರಲ್ಲಿ ಜಾಯ್ಸ್‌ಗೆ ಇಂಥ ಬೆನ್ನಾಸರೆ ಸಿಕ್ಕಿದ್ದರೆ ಎಂದು ಅನ್ನಿಸದೆ ಇರದು.

ನಮ್ಮಲ್ಲೂ ಸಾಫ್ಟ್‌ಬಾಲ್ ಆಡುವ ಹುಡುಗಿಯರಿದ್ದಾರೆ. ಶಾಲಾ ಕ್ರೀಡಾಕೂಟ, ಅಂತರ ವಿಶ್ವವಿದ್ಯಾಲಯ ಪಂದ್ಯ, ರಾಷ್ಟ್ರೀಯ ಚಾಂಪಿಯನ್‌ಷಿಪ್, ಅಲ್ಲಿಂದಾಚೆಗೆ ದಾರಿ ಕಿರಿದಾಗುತ್ತದೆ. ಅವರಿಗೆ ರೈಸ್‌ಬಾಲ್ ಕಲಿಸುವ ವಿಡಿಯೊಗಳು ಈಗ ಬೇಕಾದಷ್ಟು ಸಿಗುತ್ತವೆ. ಸಂಬಳ ಕೊಡುವವರು ಯಾರು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ.

2028ರಲ್ಲಿ ಸಾಫ್ಟ್‌ಬಾಲ್ ಮತ್ತೆ ಒಲಿಂಪಿಕ್ಸ್‌ಗೆ ಬರಲಿದೆ. ಕೂಟ ಲಾಸ್ ಏಂಜಲೀಸ್‌ನದಾದರೂ ಈ ಆಟ ನಡೆಯುವುದು ಬಹುದೂರದ ಒಕ್ಲಹೋಮ ಸಿಟಿಯಲ್ಲಿ. ಕಾಲೇಜು ಹುಡುಗಿಯರು ಪ್ರತಿ ಬೇಸಿಗೆಯಲ್ಲಿ ತುಂಬಿಸುವ, ಸುಮಾರು 13,000 ಆಸನಗಳ ಸಾಫ್ಟ್‌ಬಾಲ್ ಕ್ರೀಡಾಂಗಣ ಅಲ್ಲಿದೆ. ಮಿಯು ಗೊಟೊಗೆ ಆಗ 27 ತುಂಬಿರುತ್ತದೆ. ಬೀಜಿಂಗ್‌ನಲ್ಲಿ ಆ 413 ಎಸೆತ ಎಸೆದಾಗ ಉಯೆನೊಗಿದ್ದ ವಯಸ್ಸಿಗಿಂತ ಒಂದೇ ವರ್ಷ ಹೆಚ್ಚು.